ಕತ್ತರಿಸಿದ ಪೆನ್ನಿ: ಮಧ್ಯಯುಗದ ಇಂಗ್ಲೆಂಡಿನ ಚಿಲ್ಲರೆ

ಎಂಟನೇ ಶತಮಾನದಲ್ಲಿ ಮರ್ಸಿಯಾದ ದೊರೆ ಓಫಾನ ಆಳ್ವಿಕೆಯಲ್ಲಿ ನೆಲೆಗೊಂಡ ಬೆಳ್ಳಿಯ ಪೆನ್ನಿಯು ಸುಮಾರು ಐನೂರು ವರ್ಷಗಳ ಕಾಲ ಇಂಗ್ಲೆಂಡಿನ ಹೆಚ್ಚುಕಡಿಮೆ ಏಕೈಕ ನಾಣ್ಯವಾಗಿತ್ತು. 12 ಪೆನ್ನಿಗೆ ಒಂದು ಶಿಲಿಂಗ್, 240 ಪೆನ್ನಿಗೆ ಒಂದು ಪೌಂಡ್ ಎಂಬ ಎಣಿಕೆ ಇತ್ತಾದರೂ ಶಿಲಿಂಗ್, ಪೌಂಡ್‌ಗಳು ಆಗ ಲೆಕ್ಕಪತ್ರಗಳಲ್ಲಿ ಮಾತ್ರ ಇದ್ದವು. ಕೈಯಿಂದ ಕೈಗೆ ಸಾಗುತ್ತಿದ್ದುದು ಪೆನ್ನಿ ಮಾತ್ರ.

ಕೆಳಗಿನ ಅಚ್ಚನ್ನು ಮರದ ಕೊರಡಿಗೆ ನಾಟಿ, ಅದರ ಮೇಲೆ ಬೆಳ್ಳಿಯ ಬಿಲ್ಲೆಯನ್ನಿರಿಸಿ, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಬಡಿದು ಇದನ್ನು ತಯಾರಿಸಲಾಗುತ್ತಿತ್ತು. ತೂಕ ಒಂದೂವರೆ ಗ್ರಾಂಗಿಂತ ತುಸು ಕಡಿಮೆ. ಆದರೂ ಬಡವರ ಪಾಲಿಗೆ ಅದು ದೊಡ್ಡ ಹಣವೇ. 13ನೇ ಶತಮಾನದ ಕಾನೂನು ಕಾಲು ಪೆನ್ನಿಯ ರೊಟ್ಟಿ ಎಷ್ಟು ತೂಗಬೇಕೆಂದು ಗೋಧಿಯ ದರಕ್ಕೆ ತಕ್ಕಂತೆ ಗೊತ್ತುಪಡಿಸಿತ್ತು: ಗೋಧಿ ತುಟ್ಟಿಯಾದರೆ ಬೆಲೆ ಏರುತ್ತಿರಲಿಲ್ಲ, ರೊಟ್ಟಿ ಕಿರಿದಾಗುತ್ತಿತ್ತು. ಆದರೆ ಕಾಲು ಪೆನ್ನಿಯ ನಾಣ್ಯವೇ ಇಲ್ಲದಾಗ ಕೊಳ್ಳುವುದು ಹೇಗೆ?

ಉತ್ತರ ಸರಳವಾಗಿತ್ತು. ನಾಣ್ಯದ ಹಿಂಬದಿಯಲ್ಲಿದ್ದ ಶಿಲುಬೆಯ ಗೆರೆಗುಂಟ ಕತ್ತರಿಸಿ ಎರಡು ಅಥವಾ ನಾಲ್ಕು ಪಾಲು ಮಾಡಲಾಗುತ್ತಿತ್ತು. ಇವುಗಳಲ್ಲಿ ಅನೇಕವು ಟಂಕಸಾಲೆಯಲ್ಲಿಯೇ ತುಂಡಾಗಿ ಹೊರಬಂದವೆಂಬುದು ನಾಣ್ಯತಜ್ಞರ ಅಭಿಪ್ರಾಯ. ಕಾಲು ಪಾಲಿಗೆ ‘ಫಾರ್ದಿಂಗ್’ ಎಂದು ಹೆಸರು. ನಾಲ್ಕನೆಯ ಒಂದು ಭಾಗವೆಂದೇ ಅದರ ಅರ್ಥ, ನಮ್ಮ ಕಾಲಾಣೆಯಂತೆ.

ತುಂಡು ನಾಣ್ಯದಲ್ಲಿ ಮೋಸ ಸುಲಭ. ಅಂಚನ್ನು ತುಸುವೇ ಕೆತ್ತಿ ಬೆಳ್ಳಿ ಕದಿಯುವುದು ಇಡೀ ಪೆನ್ನಿಗೂ ತಪ್ಪದ ಪಿಡುಗಾಗಿತ್ತು. 1247ರಲ್ಲಿ ಮೂರನೇ ಹೆನ್ರಿಯು ಶಿಲುಬೆಯ ತೋಳುಗಳನ್ನು ಅಂಚಿನವರೆಗೆ ಚಾಚಿಸಿದ್ದು, ಕೆತ್ತಿದ್ದು ಕೂಡಲೇ ಕಣ್ಣಿಗೆ ಬೀಳಲೆಂದು. ಪಿಡುಗು ನಿಲ್ಲಲಿಲ್ಲ. 1278ರ ನವೆಂಬರಿನಲ್ಲಿ ಮೊದಲನೇ ಎಡ್ವರ್ಡ್ ಈ ಆಪಾದನೆಯ ಮೇಲೆ ದೇಶದಾದ್ಯಂತ ಯಹೂದಿಗಳನ್ನು ಸೆರೆಹಿಡಿಸಿದನು. ಮುಂದಿನ ವರ್ಷ ಇನ್ನೂರಕ್ಕೂ ಹೆಚ್ಚು ಯಹೂದಿಗಳು ಗಲ್ಲಿಗೇರಿದರು. ಅದೇ ಅಪರಾಧಕ್ಕೆ ಸಿಕ್ಕಿದ ಕ್ರೈಸ್ತರಲ್ಲಿ ಪ್ರಾಣ ತೆತ್ತವರು ತೀರ ಕಡಿಮೆ, ಅನೇಕರು ದಂಡ ಕಟ್ಟಿ ಪಾರಾದರು. ಇದನ್ನು ನ್ಯಾಯವೆನ್ನುವುದು ಕಷ್ಟ.

ದುಂಡನೆಯ ಅರ್ಧ ಪೆನ್ನಿಯನ್ನು ಮೊದಲನೇ ಹೆನ್ರಿ ಮುಂತಾದವರು ಹಿಂದೆ ಪ್ರಯತ್ನಿಸಿದ್ದರೂ ಅದು ಬೇರೂರಿರಲಿಲ್ಲ. ಎಡ್ವರ್ಡನ 1279ರ ಹೊಸ ನಾಣ್ಯಪದ್ಧತಿಯಲ್ಲಿ ದುಂಡನೆಯ ಫಾರ್ದಿಂಗ್, ಮರುವರ್ಷ ದುಂಡನೆಯ ಅರ್ಧ ಪೆನ್ನಿ ಹೊರಬಂದವು. ಕತ್ತರಿಗೆ ಕೆಲಸ ಇಲ್ಲವಾಯಿತು. ಫಾರ್ದಿಂಗ್ ಹೆಸರು ಮಾತ್ರ 1960ರ ಕೊನೆಯವರೆಗೂ ಬ್ರಿಟನ್ನಿನ ಚಲಾವಣೆಯಲ್ಲಿ ಉಳಿಯಿತು.

ಉಳುಮೆಯ ಹೊಲಗಳಲ್ಲಿ ಲೋಹಶೋಧಕ ಹಿಡಿದವರಿಗೆ ಈ ತುಣುಕುಗಳು ಇಂದಿಗೂ ಸಿಗುತ್ತವೆ. ಒಂದು ಬದಿಯಲ್ಲಿ ಅರಸನ ಅರ್ಧ ಮುಖ, ಇನ್ನೊಂದರಲ್ಲಿ ಟಂಕಿಸಿದವನ ಹೆಸರಿನ ಎರಡು ಮೂರು ಅಕ್ಷರ. ಅದೃಷ್ಟವಿದ್ದರೆ ಊರಿನ ಹೆಸರೂ ಇರುತ್ತದೆ.