1921ರ ಜನಗಣತಿ ಮತ್ತು ವಂಶಶೋಧನೆ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1921ರ ಜೂನ್ 19ರ ರಾತ್ರಿಯ ಸ್ಥಿತಿಯಂತೆ ನಡೆದ ಜನಗಣತಿಯ ಮನೆವಾರು ಪತ್ರಗಳು, ನೂರು ವರ್ಷಗಳ ಗೋಪ್ಯತೆಯ ಅವಧಿ ಮುಗಿದ ತರುವಾಯ, 2022ರ ಜನವರಿ 6ರಂದು ಅಂತರ್ಜಾಲದಲ್ಲಿ ಪ್ರಕಟವಾದುವು. ಸುಮಾರು 3 ಕೋಟಿ 80 ಲಕ್ಷ ಜನರ ವಿವರಗಳು ಇವುಗಳಲ್ಲಿವೆ. ವಂಶಚರಿತ್ರೆಯ ಶೋಧಕರಿಗೆ ಇವುಗಳ ಬೆಲೆ ಅಸಾಧಾರಣವಾದುದು. ಏಕೆಂದರೆ 1931ರ ಪತ್ರಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದುವು. ಅದೂ ಶತ್ರುವಿನ ಬಾಂಬಿನಿಂದಲ್ಲ! 1941ರಲ್ಲಿ ಯುದ್ಧದ ನಿಮಿತ್ತ ಗಣತಿಯೇ ನಡೆಯಲಿಲ್ಲ. 1951ರದಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ಈ ಪತ್ರದಲ್ಲಿ ವಯಸ್ಸನ್ನು ವರ್ಷ-ತಿಂಗಳುಗಳಲ್ಲಿ ಬರೆಯಬೇಕಾಗಿದ್ದಿತು. ದುಡಿಯುವವರು ತಮ್ಮ ಧಣಿಯ ಹೆಸರನ್ನೂ ಕಾಣಿಸಬೇಕಾಗಿದ್ದಿತು. ಎಳೆಯ ಮಕ್ಕಳ ತಂದೆತಾಯಿಗಳು ಜೀವಂತರೇ ಎಂಬ ಪ್ರಶ್ನೆಯೂ ಇದ್ದಿತು. ಮಹಾಯುದ್ಧ ಮುಗಿದು ಮೂರು ವರ್ಷವೂ ತುಂಬದ ಆ ಕಾಲದಲ್ಲಿ, ತಂದೆ ಗತಿಸಿದನೆಂಬ ಒಂದೇ ಉತ್ತರ ಎಷ್ಟೋ ಮನೆಗಳ ಪಾಡನ್ನು ಅರುಹುತ್ತದೆ.

ಕೈಬರಹವನ್ನು ನಕಲಿಸಿದವರು ತಪ್ಪಾಗಿ ಓದಿದ್ದರೆ ಹೆಸರು ಸೂಚಿಯಲ್ಲಿ ಸಿಕ್ಕದು. ಆಗ ವಿಳಾಸದಿಂದಲೋ, ಅದೇ ಮನೆಯ ಮತ್ತೊಬ್ಬರ ಹೆಸರಿನಿಂದಲೋ ಹುಡುಕುವುದು ಲೇಸು. ಮತ್ತೊಂದು ತೊಡಕೂ ಉಂಟು. ಏಪ್ರಿಲಿನಲ್ಲಿ ನಡೆಯಬೇಕಾಗಿದ್ದ ಗಣತಿಯು ಗಣಿಕಾರ್ಮಿಕರ ಬಿಕ್ಕಟ್ಟಿನಿಂದಾಗಿ ಜೂನಿಗೆ, ಎಂದರೆ ಬೇಸಗೆಯ ವಿಹಾರಕಾಲಕ್ಕೆ, ಮುಂದೂಡಲ್ಪಟ್ಟಿತು. ಆ ರಾತ್ರಿ ಎಲ್ಲಿದ್ದರೋ ಅಲ್ಲಿಯ ಪತ್ರದಲ್ಲಿಯೇ ಜನರನ್ನು ನಮೂದಿಸಲಾಯಿತು. ಸ್ವಂತ ಮನೆಯಲ್ಲಿ ಕಾಣದ ಮುತ್ತಾತನು ಬ್ಲಾಕ್‌ಪೂಲಿನ ಕಡಲತೀರದ ವಸತಿಗೃಹವೊಂದರಲ್ಲಿ ದೊರೆತರೆ ಆಶ್ಚರ್ಯವಿಲ್ಲ.