ಸೂಜಿ ಮಗುವಿನ ಕೈಗೆ ಬಂತು, ಮಾತಿನ ಸರದಿ ಇನ್ನೂ ಬಂದಿಲ್ಲ

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿ ಟೈಪ್ 1 ಮಧುಮೇಹವಿರುವ ಮಗುವಿದ್ದರೆ, ಅದಕ್ಕೆ ಮೆಗ್ಗಾನ್ ಆಸ್ಪತ್ರೆ ದೂರವೇನಲ್ಲ. ಆದರೂ ಮಗು ವೈದ್ಯರ ಮುಂದೆ ಕೂರುವುದು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಅದೂ ಕೆಲವೇ ನಿಮಿಷ. ಉಳಿದಂತೆ ಶಾಲೆಯಲ್ಲಿ, ಆಟದ ಬಯಲಿನಲ್ಲಿ, ನಡುರಾತ್ರಿಯಲ್ಲಿ ಕಾಯಿಲೆಯನ್ನು ಸಂಭಾಳಿಸುವವರು ಮನೆಯವರು ಮತ್ತು ಆ ಮಗು. ದೀರ್ಘಕಾಲದ ಕಾಯಿಲೆಯ ಆರೈಕೆಯಲ್ಲಿ ಮಗುವಿಗೂ ಪಾಲಿರಬೇಕು ಎಂಬ ವಿಚಾರ ಬೆಳೆದದ್ದು ಈ ಅನಿವಾರ್ಯತೆಯಿಂದ.

ಮೊದಲು ಮಗುವಿನ ಪಾಲಿಗೆ ಬಂದದ್ದು ಕೆಲಸ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮಧುಮೇಹವಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ವೈದ್ಯ ಬ್ಯಾಂಟಿಂಗ್ ಬಳಿ ಚಿಕಿತ್ಸೆಗೆ ಬಂದ ಹುಡುಗಿ ಎಲಿಜಬೆತ್ ಹ್ಯೂಸ್ ತಾನೇ ಸೂಜಿ ಚುಚ್ಚಿಕೊಳ್ಳಲು ಕಲಿತಳು. ಬಾಸ್ಟನ್‌ನ ವೈದ್ಯ ಎಲಿಯಟ್ ಜಾಸ್ಲಿನ್ ರೋಗಿಗೆ ಕಲಿಸುವುದನ್ನೂ ಚಿಕಿತ್ಸೆಯೊಳಗೆ ಸೇರಿಸಿದರು. ಮುಂದೆ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಕ್ರೀರ್ ಆಸ್ತಮಾ ಇರುವ ಮಕ್ಕಳಿಗೆ ತಮ್ಮ ಉಬ್ಬಸವನ್ನು ತಾವೇ ಗಮನಿಸಿ ನಿಭಾಯಿಸುವ ತರಬೇತಿ ಕೊಟ್ಟರು.

ಕುಸುಮ ರೋಗ ಎಂದು ನಮ್ಮಲ್ಲಿ ಕರೆಯುವ ಹಿಮೋಫಿಲಿಯಾದ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. 1970ರ ದಶಕದಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಪುಡಿಯ ರೂಪದಲ್ಲಿ ಮನೆಯ ಫ್ರಿಜ್‌ಗೆ ಬಂದಾಗ, ಹುಡುಗರು ತಮ್ಮ ರಕ್ತನಾಳಕ್ಕೆ ತಾವೇ ಸೂಜಿ ಹಾಕಿಕೊಳ್ಳತೊಡಗಿದರು. ಕೀಲಿನೊಳಗೆ ರಕ್ತ ಸೋರತೊಡಗಿದ್ದು ಊತ ಕಾಣುವ ಮೊದಲೇ, ಜುಮ್ಮೆನ್ನುವ ಅನುಭವದಿಂದ ಆ ಹುಡುಗನಿಗೆ ಗೊತ್ತಾಗುತ್ತದೆ. ಅವನ ಮಾತನ್ನು ನಂಬಿ ಕೂಡಲೇ ಮದ್ದು ಕೊಟ್ಟರೆ ಕೀಲು ಉಳಿಯುತ್ತದೆ. ತಡಮಾಡಿದರೆ ಕ್ರಮೇಣ ಕೀಲೇ ಹಾಳಾಗುತ್ತದೆ. ನಮ್ಮ ನೆರೆಯ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ಕಾಯಿಲೆಯೊಂದಿಗೆ ಬೆಳೆದವರು. ರೋಗಿಯಾಗಿದ್ದವರೇ ವೈದ್ಯರಾಗಿ, ಇತರ ರೋಗಿಗಳನ್ನು ಸಂಘಟಿಸಿದ ಈ ನಿದರ್ಶನ ಮಧ್ಯ ಕರ್ನಾಟಕದ ಹೆಮ್ಮೆ.

ಮಗುವಿನ ಮಾತಿಗೆ ಬೆಲೆ ಬರಲು ಹೆಚ್ಚು ಕಾಲ ಹಿಡಿಯಿತು. ದೊಡ್ಡವರು ಎಷ್ಟೇ ಮುಚ್ಚಿಟ್ಟರೂ ರಕ್ತದ ಕ್ಯಾನ್ಸರ್ ಇರುವ ಪುಟ್ಟ ಮಕ್ಕಳಿಗೆ ತಮ್ಮ ಸ್ಥಿತಿ ತಿಳಿದಿರುತ್ತದೆ ಎಂಬುದನ್ನು ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1978ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಸಾರಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. ಬ್ರಿಟನ್ನಿನ ವಿದ್ವಾಂಸರಾದ ಪ್ರಿಸಿಲ್ಲಾ ಆಲ್ಡರ್ಸನ್ ಮತ್ತು ಜೊನಾಥನ್ ಮಾಂಟ್ಗೊಮರಿ 1996ರಲ್ಲಿ ಚಿಕಿತ್ಸೆಯ ತೀರ್ಮಾನದಲ್ಲಿ ಮಗುವಿನ ಪಾಲನ್ನು ನಾಲ್ಕು ಹಂತವಾಗಿ ಬಿಡಿಸಿಟ್ಟರು: ವಿಷಯ ತಿಳಿಯುವುದು, ಅಭಿಪ್ರಾಯ ಹೇಳುವುದು, ಆ ಅಭಿಪ್ರಾಯಕ್ಕೆ ತೂಕ ಸಿಗುವುದು, ಕೊನೆಗೆ ತಾನೇ ಮುಖ್ಯವಾಗಿ ತೀರ್ಮಾನಿಸುವುದು.

ನಮ್ಮ ದೇಶದಲ್ಲಿ ಈ ಮೆಟ್ಟಿಲುಗಳನ್ನು ಒಂದೇ ಸಮ ಹತ್ತಿಲ್ಲ. ಸಂಶೋಧನೆಯಲ್ಲಿ 7 ವರ್ಷ ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆಯನ್ನೂ, 12 ದಾಟಿದ ಮೇಲೆ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಅದೇ ವರ್ಷ ಸಿಬಿಎಸ್‌ಇ ಟೈಪ್ 1 ಮಧುಮೇಹವಿರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿ ಕೊಟ್ಟಿತು. ದಿನನಿತ್ಯದ ಚಿಕಿತ್ಸೆಯಲ್ಲಿ ಮಾತ್ರ ಪ್ರಶ್ನೆ ಕೇಳುವುದು ತಾಯಿಯನ್ನು, ಸಹಿ ಹಾಕುವುದು ತಂದೆ. ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುವ ಹುಡುಗಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ.

ಮಗುವಿಗೆ ಪಾಲು ಕೊಡುವುದೆಂದರೆ ಇಡೀ ಭಾರವನ್ನು ಅದರ ಮೇಲೆ ಹೊರಿಸುವುದಲ್ಲ. ಹದಿಹರೆಯದಲ್ಲಿ ಅಪ್ಪ-ಅಮ್ಮ ಬೇಗ ಕೈಬಿಟ್ಟರೆ ಸಕ್ಕರೆಯ ಹಿಡಿತ ತಪ್ಪುತ್ತದೆ ಎಂದು ಅಧ್ಯಯನಗಳು ಪದೇ ಪದೇ ಹೇಳಿವೆ. ಜವಾಬ್ದಾರಿ ವಯಸ್ಸಿಗೆ ತಕ್ಕಂತೆ, ದೊಡ್ಡವರ ಕಣ್ಣಳತೆಯಲ್ಲೇ ಕೈಬದಲಾಗಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ವೈದ್ಯರು ಮೊದಲ ಪ್ರಶ್ನೆಯನ್ನು ಮಗುವಿಗೇ ಕೇಳಲಿ. ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ಗಳು ದೀರ್ಘಕಾಲದ ಕಾಯಿಲೆಯ ಮಕ್ಕಳ ಜೊತೆಗೂ ಕೆಲವು ನಿಮಿಷ ಪ್ರತ್ಯೇಕವಾಗಿ ಮಾತಾಡಲಿ. ತರಗತಿಯ ನಡುವೆ ಮಗು ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್‌ಹೇಲರ್ ಬಳಸಲು ಮೇಷ್ಟ್ರು ಅವಕಾಶ ಕೊಡಲಿ. ತಂದೆತಾಯಂದಿರೇ, ಮುಂದಿನ ಸಲ ಆಸ್ಪತ್ರೆಗೆ ಹೊರಡುವ ಮುನ್ನ, ವೈದ್ಯರನ್ನು ಏನು ಕೇಳಬೇಕೆಂದಿದ್ದೀಯ ಎಂದು ಮಗುವನ್ನೇ ಕೇಳಿ; ಅಲ್ಲಿ ಅದನ್ನು ಅದರ ಬಾಯಿಂದಲೇ ಕೇಳಿಸಿ.