ಗುಲಾಬ್ ಎಂದರೆ ಹೂವಲ್ಲ, ನೀರು

ಮನ್ನಳ್ಳಿಯಲ್ಲಿ ನಿಕಾಹ್ ಇರಲಿ, ಮಯ್ಯತ್ ಇರಲಿ, ಗುಲಾಬಿ ಬೇಕೇ ಬೇಕು. ಆದರೆ ಆ ಹೆಸರು ಮೂಲದಲ್ಲಿ ಹೂವಿನದಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಫಾರಸಿಯಲ್ಲಿ 'ಗುಲ್' ಹೂವು, 'ಆಬ್' ನೀರು; ಗುಲಾಬ್ ಎಂದರೆ ಪನ್ನೀರು. ನೀರಿನ ಹೆಸರನ್ನೇ ನಾವು ಗಿಡಕ್ಕೂ ಇಟ್ಟುಬಿಟ್ಟೆವು.

ಈ ನೀರಿಗೆ ಹೆಸರಾದದ್ದು ದಮಾಸ್ಕಸ್ ಗುಲಾಬಿ. ಹಕೀಮರ ಮಾತಿನಲ್ಲಿ ಗುಲೆ ಸುರ್ಖ್. ಬಿಸಿಲೇರುವ ಮೊದಲೇ ಅದನ್ನು ಬಿಡಿಸಬೇಕು, ತಡವಾದರೆ ಪರಿಮಳ ಹಾರಿಹೋಗುತ್ತದೆ. ಒಂದು ಕಿಲೋ ಅತ್ತರಿಗೆ 3,000 ಕಿಲೋಗೂ ಹೆಚ್ಚು ಹೂವು ಬೇಕು.

ಪನ್ನೀರು ಇಳಿಸುವುದನ್ನು ಇಬ್ನು ಸೀನಾ ಕಂಡುಹಿಡಿದರೆಂದು ಭಾಷಣಗಳಲ್ಲಿ ಕೇಳುತ್ತಿರುತ್ತೇವೆ. ಅವರು ಹುಟ್ಟಿದ್ದು 980ರಲ್ಲಿ. ಅದಕ್ಕೂ ನೂರು ವರ್ಷ ಹಿಂದೆಯೇ ತೀರಿಕೊಂಡಿದ್ದ ಬಗ್ದಾದಿನ ಅಲ್ ಕಿಂದಿಯವರ ಹೆಸರಿನಲ್ಲಿ ಸುಗಂಧಗಳನ್ನು ಭಟ್ಟಿ ಇಳಿಸುವ ಪುಸ್ತಕವೇ ಇದೆ. ಇದರಿಂದ ಇಬ್ನು ಸೀನಾರ ಕೀರ್ತಿಗೇನೂ ಕುಂದಿಲ್ಲ. 1187ರಲ್ಲಿ ಸುಲ್ತಾನ್ ಸಲಾಹುದ್ದೀನ್ ಜೆರುಸಲೇಮನ್ನು ಮರಳಿ ಪಡೆದಾಗ ಅಲ್ಲಿನ ಪವಿತ್ರ ಸ್ಥಳವನ್ನು ತೊಳೆದದ್ದೂ ಪನ್ನೀರಿನಿಂದಲೇ. ಇಂದಿಗೂ ಕಾಬಾ ತೊಳೆಯುವಾಗ ಝಮ್‌ಝಮ್‌ಗೆ ಪನ್ನೀರು ಬೆರೆಸುತ್ತಾರೆ.

ನಮ್ಮ ಬೀದರಿನ ಮಾತಿಗೆ ಬರೋಣ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಇರಾನಿನಿಂದ ವಿದ್ವಾಂಸರು, ಕುಶಲಕರ್ಮಿಗಳು ಬಂದರು. 1472ರಲ್ಲಿ ಮದರಸ ಕಟ್ಟಿಸಿದ ಮಹಮೂದ್ ಗವಾನರು ಗೀಲಾನಿನವರು. ಆ ದರ್ಬಾರಿ ರೀತಿರಿವಾಜಿನ ಒಂದು ಗುರುತು ಬಿದರಿ ಕೆಲಸದ ಗುಲಾಬ್‌ಪಾಶ್: ಸತು, ತಾಮ್ರ ಬೆರೆಸಿ ಎರಕ ಹೊಯ್ದ ಮೈ, ಕೋಟೆಯ ಮಣ್ಣಿನಿಂದ ಬಂದ ಕಪ್ಪು, ಅದರ ಮೇಲೆ ಬೆಳ್ಳಿಯ ಬಳ್ಳಿ, ನೀಳವಾದ ಕತ್ತು, ತುದಿಯಲ್ಲಿ ಸಣ್ಣ ತೂತುಗಳು. ಹಳೆಯವು ಈಗ ದೂರದ ದೇಶಗಳ ಮ್ಯೂಸಿಯಂಗಳಲ್ಲಿವೆ. ನಮ್ಮ ಮದುವೆ ಮನೆಯಲ್ಲಿ ಪ್ಲಾಸ್ಟಿಕ್ಕಿನದು!

ಅಜ್ಜಿಯರು ದಳಕ್ಕೆ ಸಕ್ಕರೆ ಬೆರೆಸಿ ಬರಣಿ ತುಂಬಿ ವಾರಗಟ್ಟಲೆ ಬಿಸಿಲಿಗಿಟ್ಟು ಗುಲ್ಕಂದ್ ಮಾಡುತ್ತಿದ್ದರು. ಮಲಬದ್ಧತೆಗೆ, ಬೇಸಗೆಯ ಉಷ್ಣಕ್ಕೆ ಯುನಾನಿಯಲ್ಲಿ ಅದು ಇಂದಿಗೂ ಮದ್ದು. ಆದರೆ ಯಾವ ಹೂವಿನಿಂದ? ಪೇಟೆಯಿಂದ ಬರುವ ಉದ್ದ ಕಡ್ಡಿಯ ಗುಲಾಬಿಗೆ ನೋಟವಿದೆ, ಪರಿಮಳ ಕಡಿಮೆ, ಕೀಟನಾಶಕದ ಸಿಂಪಡಣೆಯಂತೂ ಹೆಚ್ಚು. ಅದರ ದಳವನ್ನು ಬರಣಿಗೆ ಹಾಕಬಾರದು. ಹಿತ್ತಲಲ್ಲಿ ನಾಟಿ ಗುಲಾಬಿ ಉಳಿದಿದ್ದರೆ ಅದರ ಒಂದು ಕಡ್ಡಿ ಮುರಿದು ನೆರೆಯವರಿಗೂ ಕೊಡಿ. ಅಂಗಡಿಯಲ್ಲಿ ಪನ್ನೀರೆಂದು ಸಿಗುವ ಅಗ್ಗದ ಸೀಸೆಗಳಲ್ಲಿ ಎಷ್ಟೋ ಬಾರಿ ಇರುವುದು ನೀರು ಮತ್ತು ಕೃತಕ ಸುಗಂಧ. ಚೀಟಿ ಓದಿ ನೋಡಿ. ಅಂಥದ್ದನ್ನು ಬೇಕಾದರೆ ಮೆಹಫಿಲ್‌ನಲ್ಲಿ ಚಿಮುಕಿಸಿ, ಮಕ್ಕಳ ಕಣ್ಣಿಗೆ ಮಾತ್ರ ಬಿಡಬೇಡಿ.